ಮೂವತ್ತೊಂಬತ್ತರ ಸವಾರ, ಇಪ್ಪತ್ತಾರರ ಎದುರಾಳಿ: ಮಾರ್ಕ್ ಕ್ಯಾವೆಂಡಿಷ್ ಕುರಿತ ಒಂದು ಪ್ರಕರಣ ಅಧ್ಯಯನ

2024ರ ಜುಲೈ 3ರ ಬುಧವಾರ ಸಂಜೆ, ಫ್ರಾನ್ಸಿನ ಪೂರ್ವಭಾಗದಲ್ಲಿರುವ ಸ್ಯಾಂ-ವುಲ್ಬಾ ಎಂಬ ಚಿಕ್ಕ ಊರಿನಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯ ಐದನೆಯ ಹಂತ, ಅಂದರೆ ಐದನೆಯ ದಿನದ ಓಟ, ಮುಗಿಯಿತು. ಗುರಿರೇಖೆಯನ್ನು ಮೊದಲು ದಾಟಿದವರು ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಷ್. ಅವರಿಗೆ ಆಗ 39 ವರ್ಷ ತುಂಬಿ ಆರು ವಾರಗಳಾಗಿದ್ದವು. ಎರಡನೆಯವರಾಗಿ ಬಂದ ಬೆಲ್ಜಿಯಂನ ಯಾಸ್ಪರ್ ಫಿಲಿಪ್ಸನ್ ಅವರಿಗೆ 26 ವರ್ಷ. ಕ್ಯಾವೆಂಡಿಷ್ ಇದೇ ಸ್ಪರ್ಧೆಯಲ್ಲಿ ತಮ್ಮ ಮೊದಲ ಹಂತವನ್ನು 2008ರಲ್ಲಿ ಶಾತೊರೂ ಪಟ್ಟಣದಲ್ಲಿ ಗೆದ್ದಾಗ ಫಿಲಿಪ್ಸನ್ ಹತ್ತು ವರ್ಷದ ಹುಡುಗ. ಸ್ಯಾಂ-ವುಲ್ಬಾದ ಗೆಲುವಿನಿಂದ ಟೂರ್‌ನಲ್ಲಿ ಕ್ಯಾವೆಂಡಿಷ್ ಗೆದ್ದ ಹಂತಗಳ ಸಂಖ್ಯೆ 35ಕ್ಕೆ ಏರಿತು. ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ 1975ರಲ್ಲಿ ತಲುಪಿದ್ದ, 2021ರಲ್ಲಿ ಕ್ಯಾವೆಂಡಿಷ್ ಸರಿಗಟ್ಟಿದ್ದ 34ರ ದಾಖಲೆ ಅಂದು ಮುರಿಯಿತು.

ವಯಸ್ಸಾದ ಚಾಂಪಿಯನ್ ಒಬ್ಬ ತನಗಿಂತ ಹದಿಮೂರು ವರ್ಷ ಕಿರಿಯರಾದವರೊಂದಿಗೆ ಇನ್ನೂ ಸೆಣಸಬಲ್ಲನೇ ಎಂಬ ಪ್ರಶ್ನೆಗೆ ಈ ಗೆಲುವೇ ಉತ್ತರ ಎಂದು ಅಂದು ಅನೇಕರು ಬರೆದರು. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ಸಂಜೆಯ ಗೆಲುವು ಆ ಸಂಜೆಯ ಸಂಗತಿಯನ್ನಷ್ಟೇ ಹೇಳುತ್ತದೆ. ಆ ಸಂಜೆಯವರೆಗೆ ಆ ಮನುಷ್ಯ ಹೇಗೆ ಬಂದು ಮುಟ್ಟಿದರು, ಯಾರು ಅವರನ್ನು ಅಲ್ಲಿಗೆ ತಂದು ಬಿಟ್ಟರು, ಅದಕ್ಕೆ ತೆತ್ತ ಬೆಲೆ ಎಷ್ಟು, ಅದರ ಹಿಂದಿನ ಮತ್ತು ಮುಂದಿನ ದಿನಗಳಲ್ಲಿ ಏನಾಯಿತು ಎಂಬುದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ವಯಸ್ಸು ನಿಜವಾಗಿ ಏನನ್ನು ಕಸಿದುಕೊಳ್ಳುತ್ತದೆ, ಏನನ್ನು ಉಳಿಸುತ್ತದೆ ಎಂಬುದು ತಿಳಿಯುತ್ತದೆ. ಈ ಬರಹದ ಉದ್ದೇಶ ಅಷ್ಟೇ.

ಏರಿಳಿತದ ಲೆಕ್ಕ

ಮೊದಲು ಅಂಕಿಗಳನ್ನು ನೋಡೋಣ. ಕ್ಯಾವೆಂಡಿಷ್ ಹುಟ್ಟಿದ್ದು 1985ರ ಮೇ 21ರಂದು, ಐಲ್ ಆಫ್ ಮ್ಯಾನ್ ದ್ವೀಪದಲ್ಲಿ. ಟೂರ್‌ನಲ್ಲಿ ಅವರು 2008ರಲ್ಲಿ ನಾಲ್ಕು, 2009ರಲ್ಲಿ ಆರು, 2010 ಮತ್ತು 2011ರಲ್ಲಿ ತಲಾ ಐದು, 2012ರಲ್ಲಿ ಮೂರು ಹಂತಗಳನ್ನು ಗೆದ್ದರು. ಅಂದರೆ 23ರಿಂದ 27ನೆಯ ವಯಸ್ಸಿನೊಳಗೆ, ಐದೇ ಟೂರ್‌ಗಳಲ್ಲಿ, 23 ಗೆಲುವುಗಳು. ಅದೇ ಅವಧಿಯಲ್ಲಿ ಇಟಲಿಯ ಒಂದು ದಿನದ ಓಟವಾದ ಮಿಲಾನ್–ಸಾನ್ ರೆಮೊದಲ್ಲಿ 2009ರ ಗೆಲುವು, 2011ರಲ್ಲಿ ಟೂರ್‌ನ ಹಸಿರು ಜೆರ್ಸಿ (ಹಂತಗಳಲ್ಲಿ ಗಳಿಸುವ ಅಂಕಗಳಲ್ಲಿ ಮುಂದಿರುವವರು ತೊಡುವ ಅಂಗಿ), ಅದೇ ವರ್ಷ ಕೋಪನ್‌ಹೇಗನ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟ, ಇವೆಲ್ಲವೂ ಸೇರಿವೆ. ಪ್ಯಾರಿಸ್ಸಿನ ಶಾಂಜೆಲಿಜೆ ಬೀದಿಯ ಕೊನೆಯ ಹಂತವನ್ನು ಅವರು 2009ರಿಂದ ಸತತ ನಾಲ್ಕು ವರ್ಷ ಗೆದ್ದರು.

ಆಮೇಲೆ ಇಳಿಮುಖ. 2013ರಲ್ಲಿ ಎರಡು ಗೆಲುವು. 2014ರಲ್ಲಿ ಹ್ಯಾರೋಗೇಟ್‌ನ ಮೊದಲ ಹಂತದಲ್ಲಿಯೇ ಬಿದ್ದು ಹೊರಬಿದ್ದರು. 2015ರಲ್ಲಿ ಒಂದು ಗೆಲುವು. 2016ರಲ್ಲಿ, 31ನೆಯ ವಯಸ್ಸಿನಲ್ಲಿ, ಮತ್ತೆ ನಾಲ್ಕು ಹಂತಗಳನ್ನೂ ಮೊದಲ ಬಾರಿಗೆ, ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿಯನ್ನೂ ಗಳಿಸಿ ಎಲ್ಲರನ್ನೂ ಅಚ್ಚರಿಗೊಳಿಸಿದರು. ಒಟ್ಟು 30 ಆಯಿತು. ಅಲ್ಲಿಂದ ಮುಂದೆ ಐದು ವರ್ಷ ಆ ಸಂಖ್ಯೆ ಕದಲಲಿಲ್ಲ.

ಈ ಐದು ವರ್ಷಗಳನ್ನು ವಯಸ್ಸಿನ ಖಾತೆಗೆ ಬರೆಯುವುದು ಸುಲಭ, ಆದರೆ ತಪ್ಪು. 2017ರಲ್ಲಿ ಅವರಿಗೆ ಎಪ್ಸ್‌ಟೈನ್-ಬಾರ್ ವೈರಸ್ ಸೋಂಕು ತಗುಲಿತು. ತಿಂಗಳುಗಟ್ಟಲೆ ಶರೀರವನ್ನು ಹಿಂಡಿಹಾಕುವ, ವಿಶ್ರಾಂತಿಯ ಹೊರತು ಬೇರೆ ಮದ್ದಿಲ್ಲದ ಸೋಂಕು ಅದು. ಅದೇ ವರ್ಷ ವಿಟ್ಟೆಲ್ ಪಟ್ಟಣದಲ್ಲಿ ಮುಗಿದ ಹಂತದ ಕೊನೆಯಲ್ಲಿ ಅಡ್ಡಗಟ್ಟೆಗೆ ಅಪ್ಪಳಿಸಿ ಹೆಗಲ ಮೂಳೆ ಮುರಿಯಿತು. 2018ರಲ್ಲಿ ಬೆಟ್ಟದ ಹಂತವೊಂದರಲ್ಲಿ ಗೆದ್ದವರ ಸಮಯಕ್ಕೆ ತಕ್ಕಂತೆ ನಿಗದಿಯಾಗುವ ಸಮಯದ ಮಿತಿಯೊಳಗೆ ಬರಲಾಗದೆ ಸ್ಪರ್ಧೆಯಿಂದ ಹೊರಬಿದ್ದರು. ಆ ಬೇಸಿಗೆಯಲ್ಲಿ ವೈರಸ್ ಮರುಕಳಿಸಿದ್ದು ಗೊತ್ತಾಯಿತು, ಜೊತೆಗೆ ಖಿನ್ನತೆಯ ಕಾಯಿಲೆಯೂ ಇದೆ ಎಂದು ವೈದ್ಯರು ಹೇಳಿದರು. ಈ ಮಾತನ್ನು ಅವರೇ ಮುಂದೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. 2019 ಮತ್ತು 2020ರಲ್ಲಿ ಟೂರ್‌ಗೆ ಅವರನ್ನು ಆರಿಸಲೇ ಇಲ್ಲ. 2020ರ ಶರತ್ಕಾಲದಲ್ಲಿ ಗೆಂಟ್–ವೆವೆಲ್‌ಗೆಮ್ ಓಟ ಮುಗಿದ ಮೇಲೆ, ಇದೇ ತಮ್ಮ ಕೊನೆಯ ಓಟವಾಗಬಹುದೆಂದು ಕ್ಯಾಮೆರಾದ ಮುಂದೆ ಅವರು ಕಣ್ಣೀರಿಟ್ಟರು. ಆಗ ಅವರಿಗೆ 35. ಹೊರಗಿನಿಂದ ನೋಡುವವರಿಗೆ ಅದು ವಯಸ್ಸಾದ ಆಟಗಾರನ ಕೊನೆಯಂತೆಯೇ ಕಂಡಿತು. ಒಳಗೆ ಇದ್ದದ್ದು ಕಾಯಿಲೆ, ಪೆಟ್ಟು ಮತ್ತು ಮನಸ್ಸಿನ ಬಳಲಿಕೆ. ಮೂವತ್ತು ದಾಟಿದ ಆಟಗಾರನ ವಿಷಯದಲ್ಲಿ ಈ ಮೂರನ್ನೂ ನಾವು ಬೇರ್ಪಡಿಸಿ ನೋಡುವುದೇ ಇಲ್ಲ. ಇಪ್ಪತ್ತೈದರ ಹುಡುಗನಿಗೆ ಇದೇ ಆದರೆ ಕಾಯಿಲೆ ಎನ್ನುತ್ತೇವೆ, ಮೂವತ್ತೈದರವನಿಗೆ ಆದರೆ ವಯಸ್ಸಾಯಿತು ಎನ್ನುತ್ತೇವೆ.

ಕೊನೆಯ ಇನ್ನೂರು ಮೀಟರ್

ಈ ಪ್ರಕರಣವನ್ನು ಅರ್ಥಮಾಡಿಕೊಳ್ಳಲು ಕ್ಯಾವೆಂಡಿಷ್ ಮಾಡುತ್ತಿದ್ದ ಕೆಲಸವೇನು ಎಂಬುದು ಸ್ಪಷ್ಟವಾಗಬೇಕು. ಟೂರ್ ಮೂರು ವಾರಗಳ, 21 ಹಂತಗಳ ಸ್ಪರ್ಧೆ. ಒಟ್ಟು ಸಮಯದಲ್ಲಿ ಗೆಲ್ಲುವವರು ಬೆಟ್ಟ ಹತ್ತುವವರು. ಕ್ಯಾವೆಂಡಿಷ್ ಸ್ಪ್ರಿಂಟರ್. ಸಮತಟ್ಟಾದ ಹಂತದ ಕೊನೆಯಲ್ಲಿ ಇಡೀ ಗುಂಪು ಒಟ್ಟಿಗೆ ಬಂದಾಗ, ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ, ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಎಲ್ಲವೂ ತೀರ್ಮಾನವಾಗುವ ಕೆಲಸ ಅವರದಾಗಿತ್ತು. ಅಲ್ಲಿಯವರೆಗೆ ಅವರು ಮಾಡಬೇಕಾಗಿದ್ದದ್ದು ಗಾಳಿಯ ಮರೆಯಲ್ಲಿ ಅಡಗಿಕೊಂಡು ಶಕ್ತಿ ಉಳಿಸುವುದು. ಮುಂದಿನ ಸವಾರ ಗಾಳಿಯನ್ನು ಸೀಳಿಕೊಂಡು ಹೋಗುವಾಗ ಅವನ ಚಕ್ರಕ್ಕೆ ಅಂಟಿಕೊಂಡು ಬರುವವನಿಗೆ ಬಹಳಷ್ಟು ಶ್ರಮ ಉಳಿಯುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಬಯಲು ರಸ್ತೆಗಳಲ್ಲಿ ಒಬ್ಬರ ಹಿಂದೊಬ್ಬರು ಸಾಲು ಕಟ್ಟಿ ಅಭ್ಯಾಸ ಮಾಡುವ ಹುಡುಗ ಹುಡುಗಿಯರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಯಸ್ಸಾದಂತೆ ಶರೀರದಲ್ಲಿ ಮೊದಲು ಕುಗ್ಗುವುದು ವೇಗವಾಗಿ ಸಂಕೋಚಿಸುವ ಸ್ನಾಯುತಂತುಗಳು. ಅಂದರೆ ಸ್ಪ್ರಿಂಟರನ ಮೂಲ ಬಂಡವಾಳವೇ. ದೀರ್ಘ ಓಟದ ತಾಳಿಕೆ ಅದಕ್ಕಿಂತ ನಿಧಾನವಾಗಿ ಇಳಿಯುತ್ತದೆ, ಶಿಸ್ತಿನ ತರಬೇತಿ ಇದ್ದರೆ ಇನ್ನೂ ನಿಧಾನವಾಗಿ. ಸ್ಪೇನಿನ ಅಲೆಹಾಂದ್ರೊ ವಾಲ್ವರ್ದೆ 2018ರಲ್ಲಿ 38ನೆಯ ವಯಸ್ಸಿನಲ್ಲಿ ಇನ್ಸ್‌ಬ್ರುಕ್‌ನ ಬೆಟ್ಟದ ದಾರಿಯಲ್ಲಿ ವಿಶ್ವ ಚಾಂಪಿಯನ್ ಆದರು. ಅದಕ್ಕೂ ಹಿಂದೆ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಅವರು ನಿಷೇಧ ಅನುಭವಿಸಿದ್ದರಿಂದ ಆ ಉದಾಹರಣೆಯನ್ನು ನಾನು ಅಳುಕಿನಿಂದಲೇ ಕೊಡುತ್ತಿದ್ದೇನೆ. ಅಮೆರಿಕದ ಕ್ರಿಸ್ಟಿನ್ ಆರ್ಮ್‌ಸ್ಟ್ರಾಂಗ್ ರಿಯೊ ಒಲಿಂಪಿಕ್ಸ್‌ನಲ್ಲಿ, 43ನೆಯ ಹುಟ್ಟುಹಬ್ಬದ ಹಿಂದಿನ ದಿನ, ಒಂಟಿಯಾಗಿ ಗಡಿಯಾರದೊಂದಿಗೆ ಸ್ಪರ್ಧಿಸುವ ಟೈಮ್ ಟ್ರಯಲ್‌ನಲ್ಲಿ ಸತತ ಮೂರನೆಯ ಚಿನ್ನ ಗೆದ್ದರು. ಇವರಿಬ್ಬರದೂ ತಾಳಿಕೆಯ ಗೆಲುವು. ಸ್ಪ್ರಿಂಟ್‌ನಲ್ಲಿ 39ರವರು ಗೆಲ್ಲುವುದು ಬೇರೆಯೇ ಮಾತು, ಆದ್ದರಿಂದಲೇ ಕ್ಯಾವೆಂಡಿಷ್ ಪ್ರಕರಣ ಹೆಚ್ಚು ಗಟ್ಟಿಯಾದ ಪರೀಕ್ಷೆ.

ಒಂದು ಸರಳ ಲೆಕ್ಕ ಹಾಕಿ ನೋಡೋಣ. ಇದು ಯಾರನ್ನೂ ಅಳೆದು ಬರೆದದ್ದಲ್ಲ, ಭೌತಶಾಸ್ತ್ರದ ನಿಯಮವನ್ನು ಹಿಡಿದು ಮಾಡಿದ ಅಂದಾಜು. ಆ ವೇಗದಲ್ಲಿ ಸವಾರನಿಗೆ ಎದುರಾಗುವ ಮುಖ್ಯ ಅಡ್ಡಿ ಗಾಳಿ. ಗಾಳಿಯನ್ನು ತಳ್ಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಕಾಲಿನ ಶಕ್ತಿ ಶೇಕಡಾ 6ರಷ್ಟು ಇಳಿದರೆ ವೇಗ ಇಳಿಯುವುದು ಶೇಕಡಾ 2ರಷ್ಟು ಮಾತ್ರ. ಇದು ಸಣ್ಣದೆಂದು ತೋರುತ್ತದೆ, ಆದರೆ 200 ಮೀಟರ್‌ನಲ್ಲಿ ಶೇಕಡಾ 2 ಎಂದರೆ 4 ಮೀಟರ್, ಎರಡು ಸೈಕಲ್ ಉದ್ದಕ್ಕಿಂತ ಹೆಚ್ಚು. ಹಂತಗಳು ಚಕ್ರದ ಅಗಲದಷ್ಟು ಅಂತರದಲ್ಲಿ ತೀರ್ಮಾನವಾಗುವ ಈ ಆಟದಲ್ಲಿ ಅದು ಸೋಲು. ಆದರೆ ಅದೇ ನಿಯಮಕ್ಕೆ ಇನ್ನೊಂದು ಮಗ್ಗುಲೂ ಇದೆ: ಗಾಳಿಗೆ ಒಡ್ಡಿಕೊಳ್ಳುವ ಮೈಯ ಹರವು ಶೇಕಡಾ 6ರಷ್ಟು ಕಡಿಮೆಯಾದರೆ ಆ ನಷ್ಟ ಪೂರ್ತಿ ತುಂಬಿಹೋಗುತ್ತದೆ.

ಕ್ಯಾವೆಂಡಿಷ್ ಸ್ಪ್ರಿಂಟ್ ಮಾಡುವುದನ್ನು ಮುಂದಿನಿಂದ ತೆಗೆದ ಚಿತ್ರಗಳಲ್ಲಿ ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಮೂಗು ಮುಂದಿನ ಚಕ್ರದ ಮೇಲೆ ತೂಗುವಷ್ಟು ಕೆಳಗೆ, ಮೊಣಕೈಗಳು ಬಾಗಿ, ಬೆನ್ನು ನೆಲಕ್ಕೆ ಸಮಾಂತರವಾಗಿ, ಪಕ್ಕದವರಿಗಿಂತ ಒಂದು ಗೇಣು ಕೆಳಗಿರುವಂತೆ ಅವರ ತಲೆ ಕಾಣುತ್ತದೆ. ಎಳೆಯ ವಯಸ್ಸಿನಲ್ಲಿಯೂ ಅವರು ತಮ್ಮ ಕಾಲದ ಸ್ಪ್ರಿಂಟರುಗಳಲ್ಲಿ ಅತಿ ಬಲಶಾಲಿ ಆಗಿರಲಿಲ್ಲ. ಜರ್ಮನಿಯ ಆಂದ್ರೆ ಗ್ರೈಪಲ್, ಮಾರ್ಸೆಲ್ ಕಿಟ್ಟೆಲ್ ಅವರಂಥ ದೊಡ್ಡ ಮೈಯವರ ಪಕ್ಕದಲ್ಲಿ ಅವರು ಕುಳ್ಳಗೆ, ಸಣ್ಣಗೆ ಕಾಣುತ್ತಿದ್ದರು. ಅವರ ಬಂಡವಾಳ ಮೊದಲಿನಿಂದಲೂ ಕಾಲಿನಲ್ಲಿ ಎಷ್ಟಿತ್ತೋ ಅಷ್ಟೇ ಮೈಯ ಬಾಗಿನಲ್ಲಿ, ಕಣ್ಣಿನಲ್ಲಿ ಮತ್ತು ನೆನಪಿನಲ್ಲಿ ಇತ್ತು. ಯಾವ ತಿರುವಿನಲ್ಲಿ ಯಾರ ಚಕ್ರ ಬಿಟ್ಟು ಯಾರ ಚಕ್ರ ಹಿಡಿಯಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಯಾವ ಸಂದು ಇನ್ನೊಂದು ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ ಎಂಬ ಅರಿವು ವಯಸ್ಸಿನಿಂದ ಕುಗ್ಗುವಂಥದಲ್ಲ. ಬಲವನ್ನೇ ನೆಚ್ಚಿಕೊಂಡಿದ್ದ ಸ್ಪ್ರಿಂಟರ್ ಇಷ್ಟು ವರ್ಷ ಉಳಿಯುತ್ತಿದ್ದನೇ ಎಂಬುದು ನನಗೆ ಅನುಮಾನ.

2021: ಮರಳಿ ಬಂದದ್ದು ಹೇಗೆ, ಎದುರಿಗಿದ್ದವರು ಯಾರು

2020ರ ಕೊನೆಯಲ್ಲಿ ಬೆಲ್ಜಿಯಂನ ಡಿಕೂನಿಂಕ್–ಕ್ವಿಕ್‌ಸ್ಟೆಪ್ ತಂಡ ಅವರಿಗೆ ಒಂದು ವರ್ಷದ ಅವಕಾಶ ಕೊಟ್ಟಿತು. ಟೂರ್‌ಗೆ ಹೋಗುವ ಯೋಜನೆ ಇರಲಿಲ್ಲ. ಆ ಜಾಗ ಐರ್ಲೆಂಡಿನ ಸ್ಯಾಮ್ ಬೆನೆಟ್ ಅವರದಾಗಿತ್ತು. ಏಪ್ರಿಲ್‌ನಲ್ಲಿ ಟರ್ಕಿಯ ಓಟದಲ್ಲಿ ಕ್ಯಾವೆಂಡಿಷ್ ನಾಲ್ಕು ಹಂತ ಗೆದ್ದರು. 2018ರ ಫೆಬ್ರವರಿಯ ನಂತರ ಅವರಿಗೆ ಸಿಕ್ಕ ಮೊದಲ ಗೆಲುವುಗಳು ಅವು. ಬೆನೆಟ್ ಅವರಿಗೆ ಮೊಣಕಾಲು ನೋವು ಬಂದಿದ್ದರಿಂದ ಕೊನೆಯ ಗಳಿಗೆಯಲ್ಲಿ ಕ್ಯಾವೆಂಡಿಷ್ ಟೂರ್ ತಂಡ ಸೇರಿದರು. ಫೂಜೇರ್, ಶಾತೊರೂ, ವಲಾನ್ಸ್, ಕಾರ್ಕಾಸೋನ್, ಹೀಗೆ ನಾಲ್ಕು ಊರುಗಳಲ್ಲಿ ಗೆದ್ದು 34ರ ದಾಖಲೆ ಸರಿಗಟ್ಟಿದರು, ಹಸಿರು ಜೆರ್ಸಿಯನ್ನೂ ತೊಟ್ಟರು.

ಆ ವರ್ಷದ ಗೆಲುವನ್ನು ತೂಗುವಾಗ ಎದುರಾಳಿಗಳ ಪಟ್ಟಿಯನ್ನೂ ನೋಡಬೇಕು. ಆಸ್ಟ್ರೇಲಿಯಾದ ಕೇಲಬ್ ಯೂವನ್ ಮೂರನೆಯ ಹಂತದಲ್ಲಿಯೇ ಬಿದ್ದು ಕಾಲರ್‌ಬೋನ್ ಮುರಿದುಕೊಂಡಿದ್ದರು. ಬೆಲ್ಜಿಯಂನ ಟಿಮ್ ಮೆರ್ಲಿಯೆ ಮತ್ತು ಫ್ರಾನ್ಸಿನ ಅರ್ನೊ ದೆಮಾರ್ ಇಬ್ಬರೂ ಒಂಬತ್ತನೆಯ ಹಂತಕ್ಕೆ ಹೊರಬಿದ್ದರು. ಹಾಲೆಂಡಿನ ಫ್ಯಾಬಿಯೊ ಯಾಕೊಬ್ಸನ್ ಹಿಂದಿನ ವರ್ಷದ ಭೀಕರ ಅಪಘಾತದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದರು. ಅಂದರೆ ಕಿರಿಯರ ಪೈಕಿ ಅತಿ ವೇಗದವರು ಅಲ್ಲಿ ಇರಲಿಲ್ಲ, ಅಥವಾ ಕೊನೆಯವರೆಗೆ ಉಳಿಯಲಿಲ್ಲ. ಈ ಮಾತನ್ನು ಹಿಡಿದು ಕ್ಯಾವೆಂಡಿಷ್ ಗೆಲುವನ್ನು ಹಗುರ ಮಾಡುವವರಿದ್ದಾರೆ. ನನ್ನ ಮಟ್ಟಿಗೆ ಈ ವಾದ ಅರ್ಧ ಸರಿ. ಒಂಬತ್ತನೆಯ ಹಂತ ಟೀನ್ಯ ಬೆಟ್ಟದ ನೆತ್ತಿಯಲ್ಲಿ, ಮಳೆ ಮತ್ತು ಚಳಿಯಲ್ಲಿ ಮುಗಿದಾಗ ದೆಮಾರ್ ಸಮಯದ ಮಿತಿ ಮೀರಿದ್ದರು. ಅವರಿಗಿಂತ ಆರು ವರ್ಷ ಹಿರಿಯರಾದ ಕ್ಯಾವೆಂಡಿಷ್ ಒಂದೂವರೆ ನಿಮಿಷ ಉಳಿಸಿಕೊಂಡು ಬಂದರು. ಬೆಟ್ಟದ ದಿನ ಮಿತಿಯೊಳಗೆ ಬರುವುದೂ ಸ್ಪ್ರಿಂಟರ್ ಗೆಲ್ಲಬೇಕಾದ ಸ್ಪರ್ಧೆಯ ಒಂದು ಭಾಗವೇ. ಆ ಭಾಗದಲ್ಲಿ ಅವರು ಕಿರಿಯರನ್ನು ಸೋಲಿಸಿದ್ದರು.

ಆದರೆ ಉಳಿದರ್ಧವೂ ಸತ್ಯವೇ. ಕೊನೆಯ ದಿನ, ಪ್ಯಾರಿಸ್ಸಿನಲ್ಲಿ, 35ನೆಯ ಗೆಲುವು ಕೈಗೆ ಸಿಗುವಂತಿದ್ದಾಗ ಬೆಲ್ಜಿಯಂನ ವೌಟ್ ವಾನ್ ಆರ್ಟ್ ಗೆದ್ದರು, ಫಿಲಿಪ್ಸನ್ ಎರಡನೆಯವರಾದರು, ಕ್ಯಾವೆಂಡಿಷ್ ಮೂರನೆಯವರಾದರು. ಅವರ ಮುಂದಿದ್ದ ಇಬ್ಬರೂ ಇಪ್ಪತ್ತರ ಹರೆಯದವರು. ಮರುವರ್ಷ ಅದೇ ತಂಡ ಟೂರ್‌ಗೆ ಅವರನ್ನು ಬಿಟ್ಟು ಯಾಕೊಬ್ಸನ್ ಅವರನ್ನು ಆರಿಸಿತು. ಯಾಕೊಬ್ಸನ್ ಎರಡನೆಯ ಹಂತವನ್ನೇ ಗೆದ್ದು ಆ ಆಯ್ಕೆ ಸರಿಯೆಂದು ತೋರಿಸಿದರು. ಕ್ಯಾವೆಂಡಿಷ್ ಆ ಬೇಸಿಗೆಯಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಚಾಂಪಿಯನ್ ಆಗಿದ್ದರು ಎಂಬುದೂ ಆ ನಿರ್ಧಾರವನ್ನು ಬದಲಿಸಲಿಲ್ಲ.

ಬೋರ್ಡೊದ ಗೇರ್

2023ರಲ್ಲಿ ಅವರು ಕಝಾಕಸ್ತಾನದ ಅಸ್ತಾನಾ ತಂಡ ಸೇರಿದರು. ಮೇ ತಿಂಗಳಲ್ಲಿ, ಇಟಲಿಯ ಮೂರು ವಾರಗಳ ಸ್ಪರ್ಧೆ ಜಿರೊ ದಿ ಇಟಾಲಿಯಾ ನಡೆಯುತ್ತಿರುವಾಗಲೇ, ವರ್ಷದ ಕೊನೆಗೆ ನಿವೃತ್ತಿ ಎಂದು ಘೋಷಿಸಿದರು, ಮತ್ತು ಆ ಸ್ಪರ್ಧೆಯ ಕೊನೆಯ ಹಂತವನ್ನು ರೋಮ್‌ನಲ್ಲಿ ಗೆದ್ದರು. ಜುಲೈ 7ರಂದು ಟೂರ್‌ನ ಏಳನೆಯ ಹಂತ ಬೋರ್ಡೊ ನಗರದಲ್ಲಿ ಮುಗಿಯಿತು. ಕ್ಯಾವೆಂಡಿಷ್ ಬೇಗನೆ ಸ್ಪ್ರಿಂಟ್ ಆರಂಭಿಸಿ ಎಲ್ಲರಿಗಿಂತ ಮುಂದೆ ಹೋದರು. ಒಂದು ಕ್ಷಣ ಇನ್ನೇನು ದಾಖಲೆ ಮುರಿಯಿತೆಂದೇ ತೋರಿತು. ಅಷ್ಟರಲ್ಲಿ ಗೇರ್ ಜಾರಿತು. ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದವರು ಕುಳಿತುಬಿಡಬೇಕಾಯಿತು. ಮತ್ತೆ ಲಯ ಹಿಡಿಯುವಷ್ಟರಲ್ಲಿ ಫಿಲಿಪ್ಸನ್ ಪಕ್ಕದಿಂದ ಸಾಗಿಹೋದರು. ಎರಡನೆಯ ಸ್ಥಾನ.

ಈ ಸೋಲು ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ. 2021ರಲ್ಲಿ ಎದುರಾಳಿಗಳು ಕಡಿಮೆಯಿದ್ದರು ಎಂದು ಹೇಳಬಹುದಾಗಿತ್ತು. 2023ರ ಫಿಲಿಪ್ಸನ್ ಆ ಟೂರ್‌ನಲ್ಲಿ ನಾಲ್ಕು ಹಂತಗಳನ್ನೂ ಹಸಿರು ಜೆರ್ಸಿಯನ್ನೂ ಗೆದ್ದ, ಜಗತ್ತಿನ ಅತಿ ವೇಗದ ಸ್ಪ್ರಿಂಟರ್. ಅಂಥವರನ್ನು 38ರ ಕ್ಯಾವೆಂಡಿಷ್ ನೇರ ರಸ್ತೆಯಲ್ಲಿ ಹಿಂದೆ ಹಾಕಿದ್ದರು, ಕೆಲವೇ ಸೆಕೆಂಡುಗಳ ಮಟ್ಟಿಗಾದರೂ. ಗೇರ್ ಜಾರದಿದ್ದರೆ ಗೆಲ್ಲುತ್ತಿದ್ದರು ಎಂದು ನಾನು ಹೇಳಲಾರೆ. ಫಿಲಿಪ್ಸನ್ ಆಗಲೇ ವೇಗ ಹೆಚ್ಚಿಸಿಕೊಂಡು ಹತ್ತಿರ ಬರುತ್ತಿದ್ದರು. ಕಾಲಿನ ವೇಗ ಇನ್ನೂ ಉಳಿದಿದೆ ಎಂಬುದಂತೂ ಅಂದು ಎಲ್ಲರೂ ಕಣ್ಣಾರೆ ಕಂಡರು.

ಮರುದಿನವೇ, ಲಿಮೋಜ್ ಪಟ್ಟಣದ ದಾರಿಯಲ್ಲಿ, ಗುಂಪಿನ ನಡುವೆ ಬಿದ್ದು ಕಾಲರ್‌ಬೋನ್ ಮುರಿಯಿತು. ಬಲಗೈಯನ್ನು ಎದೆಗೆ ಒತ್ತಿ ಹಿಡಿದು ರಸ್ತೆಯಲ್ಲಿ ಕುಳಿತಿದ್ದ ಅವರ ಚಿತ್ರ ಮರುದಿನದ ಪತ್ರಿಕೆಗಳಲ್ಲಿ ಬಂತು. ನಿವೃತ್ತಿ ಘೋಷಿಸಿದ್ದವರ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ತಂಡದ ಮುಖ್ಯಸ್ಥ ಅಲೆಕ್ಸಾಂದರ್ ವಿನೊಕುರೊವ್ ಇನ್ನೊಂದು ವರ್ಷ ಇರಿ ಎಂದು ಕೇಳಿದರು, ಅಕ್ಟೋಬರ್‌ನಲ್ಲಿ ಕ್ಯಾವೆಂಡಿಷ್ ಒಪ್ಪಿದರು.

ಒಂದು ಗೆಲುವಿಗೆ ಕಟ್ಟಿದ ತಂಡ

ವಯಸ್ಸಾದ ಚಾಂಪಿಯನ್‌ನ ಶರೀರದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಅವನ ಸುತ್ತ ನಿಲ್ಲುವ ಜನರ ಬಗ್ಗೆ ಬಹಳ ಕಡಿಮೆ. ಅಸ್ತಾನಾ ತಂಡ 2024ರ ಟೂರ್‌ಗೆ ಹೋದದ್ದು ಹೆಚ್ಚುಕಡಿಮೆ ಈ ಒಂದು ಹಂತದ ಗೆಲುವಿಗಾಗಿಯೇ. 2021ರಲ್ಲಿ ಅವರನ್ನು ಸಜ್ಜುಗೊಳಿಸಿದ್ದ ಗ್ರೀಸಿನ ತರಬೇತುದಾರ ವಾಸಿಲಿಸ್ ಅನಸ್ತೊಪುಲೊಸ್ ಈ ತಂಡಕ್ಕೆ ಬಂದರು. ಅದೇ ವರ್ಷ ಕೊನೆಯ ನೂರಾರು ಮೀಟರ್‌ಗಳಲ್ಲಿ ಅವರ ಮುಂದೆ ಗಾಳಿ ಸೀಳಿದ್ದ ಡೆನ್ಮಾರ್ಕಿನ ಮಿಕಾಯೆಲ್ ಮೊರ್ಕೊವ್ ಬಂದರು. ಸ್ಪ್ರಿಂಟರನನ್ನು ಸರಿಯಾದ ಜಾಗಕ್ಕೆ ತಂದು ಬಿಡುವ ಲೀಡ್-ಔಟ್ ಕೆಲಸದಲ್ಲಿ ಅವರಿಗೆ ಸಾಟಿಯಿರಲಿಲ್ಲ. ಸೇಸ್ ಬೋಲ್, ದಾವಿದೆ ಬಲ್ಲೆರಿನಿ ಜೊತೆಗಿದ್ದರು. 2009ರ ಸುವರ್ಣಕಾಲದಲ್ಲಿ ಇದೇ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಮಾರ್ಕ್ ರೆನ್ಷಾ ಈಗ ತಂಡದ ಕಾರಿನಲ್ಲಿ ಕುಳಿತು ದಾರಿ ಹೇಳುತ್ತಿದ್ದರು. ಇಪ್ಪತ್ತೈದರ ಸ್ಪ್ರಿಂಟರ್‌ಗೆ ಇಷ್ಟೆಲ್ಲ ಬೇಕೇ ಎಂದು ಕೇಳಿದರೆ, ಬೇಕು. ಆದರೆ ಅವನಿಗೆ ಇದು ಒಂದು ದಿನ ಕೈಕೊಟ್ಟರೆ ಮರುದಿನ ಇನ್ನೊಂದು ಅವಕಾಶವಿರುತ್ತದೆ. 39ರವರಿಗೆ ಅವಕಾಶಗಳು ಬೆರಳೆಣಿಕೆಯವು.

ಮೊದಲ ದಿನವೇ ಅದು ಕೈತಪ್ಪುವಂತಿತ್ತು. ಜೂನ್ 29ರಂದು ಫ್ಲಾರೆನ್ಸ್‌ನಿಂದ ರಿಮಿನಿಗೆ 206 ಕಿಲೋಮೀಟರ್. ಅಪೆನ್ನೈನ್ ಬೆಟ್ಟಗಳ ಏರುಗಳು, ಉರಿಬಿಸಿಲು. ಓಟ ಆರಂಭವಾಗಿ ಹೆಚ್ಚು ಹೊತ್ತಾಗಿರಲಿಲ್ಲ, ಕ್ಯಾವೆಂಡಿಷ್ ಗುಂಪಿನಿಂದ ಹಿಂದೆ ಬಿದ್ದರು. ಏರಿನಲ್ಲಿ ಸೈಕಲ್ ಮೇಲೆಯೇ ಬಾಗಿ ವಾಂತಿ ಮಾಡಿಕೊಂಡರು. ತಂಡದವರು ಅವರ ಸುತ್ತ ನಿಂತರು. ಒಬ್ಬರು ಮುಂದೆ ಹೋಗಿ ವೇಗ ಕಾಯ್ದುಕೊಂಡರು, ಒಬ್ಬರು ತಲೆಯ ಮೇಲೆ, ಬೆನ್ನ ಮೇಲೆ ನೀರು ಸುರಿದರು. ಆ ಬಿಸಿಲಿಗೆ ಅದೇ ತಂಡದ ಮಿಕೆಲೆ ಗಜ್ಜೋಲಿ ಎಂಬ 25ರ ಹುಡುಗ ಓಟವನ್ನೇ ಬಿಟ್ಟರು. ಕ್ಯಾವೆಂಡಿಷ್ ಗೆದ್ದವರಿಗಿಂತ 39 ನಿಮಿಷ ತಡವಾಗಿ, ಮಿತಿಯೊಳಗೆ, ರಿಮಿನಿ ತಲುಪಿದರು. ಅಂದು ಅವರೊಬ್ಬರೇ ಆಗಿದ್ದಿದ್ದರೆ ತಲುಪುತ್ತಿದ್ದರೆಂದು ನಾನು ನಂಬುವುದಿಲ್ಲ.

ಟುರಿನ್ನಿನ ಮೂರನೆಯ ಹಂತ ಮೊದಲ ಸ್ಪ್ರಿಂಟ್ ಅವಕಾಶವಾಗಿತ್ತು. ಕೊನೆಯ ಕಿಲೋಮೀಟರ್‌ಗಳಲ್ಲಿ ಆದ ಅಪಘಾತದಿಂದ ಗುಂಪು ಒಡೆಯಿತು. ಎರಿಟ್ರಿಯಾದ 24ರ ಬಿನಿಯಮ್ ಗಿರ್ಮಾಯ್ ಗೆದ್ದರು. ನಾಲ್ಕನೆಯ ಹಂತ 2,600 ಮೀಟರ್‌ಗೂ ಎತ್ತರದ ಗಲಿಬಿಯೆ ಎಂಬ ಬೆಟ್ಟದ ದಾರಿಯ ಮೇಲೆ. ಕ್ಯಾವೆಂಡಿಷ್ ಅದನ್ನೂ ದಾಟಿದರು.

ಮರುದಿನ ಸ್ಯಾಂ-ಜಾನ್-ದ-ಮೋರಿಯೆನ್‌ನಿಂದ ಸ್ಯಾಂ-ವುಲ್ಬಾಕ್ಕೆ 177 ಕಿಲೋಮೀಟರ್. ದಾರಿಯಲ್ಲಿ ಮಳೆ. ಕೊನೆಯಲ್ಲಿ ಗುಂಪು ಅಗಲವಾದ ರಸ್ತೆಯ ತುಂಬ ಹರಡಿಕೊಂಡಿತು, ಯಾವ ತಂಡವೂ ಪೂರ್ತಿ ಹಿಡಿತ ಸಾಧಿಸಲಿಲ್ಲ. ಫಿಲಿಪ್ಸನ್ ಮತ್ತು ಅವರ ಲೀಡ್-ಔಟ್ ಮ್ಯಾಥ್ಯು ವಾನ್ ಡರ್ ಪೂಲ್ ನಡುವಿನ ಜೋಡಣೆ ಅಂದು ಕೂಡಿಬರಲಿಲ್ಲ. ಇಂಥ ಗೊಂದಲವೇ ಕ್ಯಾವೆಂಡಿಷ್ ಅವರಿಗೆ ಬೇಕಿದ್ದದ್ದು. ಒಬ್ಬರ ಚಕ್ರದಿಂದ ಇನ್ನೊಬ್ಬರ ಚಕ್ರಕ್ಕೆ ದಾಟಿ, ಎರಡು ಸಾಲುಗಳ ನಡುವಿನ ಸಂದಿನಲ್ಲಿ ಪಕ್ಕಕ್ಕೆ ಸರಿದು, ಎದುರಿಗೆ ಖಾಲಿ ರಸ್ತೆ ಕಂಡೊಡನೆ ಅವರು ಸ್ಪ್ರಿಂಟ್ ಆರಂಭಿಸಿದರು. ಕೊನೆಯವರೆಗೂ ಯಾರೂ ಅವರ ಪಕ್ಕಕ್ಕೆ ಬರಲಿಲ್ಲ. ಮೂರನೆಯವರಾಗಿ ಬಂದ ನಾರ್ವೆಯ ಅಲೆಕ್ಸಾಂದರ್ ಕ್ರಿಸ್ಟಾಫ್ ಅವರಿಗೆ 37 ತುಂಬಲು ಎರಡೇ ದಿನ ಬಾಕಿ ಇತ್ತು. ಹಿರಿಯರ ಕಣ್ಣು ಕೆಲಸ ಮಾಡುವ ಸಂಜೆಗಳಲ್ಲಿ ಒಂದು ಅದು ಎಂಬುದಕ್ಕೆ ಈ ಮೂರನೆಯ ಹೆಸರೂ ಸಾಕ್ಷಿ. ಟೂರ್‌ನ ಚರಿತ್ರೆಯಲ್ಲಿ ಕ್ಯಾವೆಂಡಿಷ್ ಅವರಿಗಿಂತ ಹೆಚ್ಚು ವಯಸ್ಸಿನಲ್ಲಿ ಹಂತ ಗೆದ್ದವರು ಒಬ್ಬರೇ: 1963ರಲ್ಲಿ 41ನೆಯ ವಯಸ್ಸಿನಲ್ಲಿ ಗೆದ್ದ ಬೆಲ್ಜಿಯಂನ ಪಿನೊ ಚೆರಾಮಿ.

ಹಾಗಾದರೆ ಸೆಣಸಬಲ್ಲರೇ

ಐದನೆಯ ಹಂತದ ನಂತರದ ದಿನಗಳನ್ನು ಬಿಟ್ಟು ಈ ಪ್ರಶ್ನೆಗೆ ಉತ್ತರ ಕೊಡುವುದು ಪ್ರಾಮಾಣಿಕವಾಗದು. ಆ ಟೂರ್‌ನಲ್ಲಿ ಗಿರ್ಮಾಯ್ ಒಟ್ಟು ಮೂರು ಹಂತ ಗೆದ್ದು ಹಸಿರು ಜೆರ್ಸಿ ತೊಟ್ಟರು. ಫಿಲಿಪ್ಸನ್ ಕೂಡ ಮೂರು ಹಂತ ಗೆದ್ದರು. ಕ್ಯಾವೆಂಡಿಷ್ ಮತ್ತೊಂದು ಗೆಲ್ಲಲಿಲ್ಲ. ಮೂರು ವಾರಗಳ ಸರಾಸರಿಯಲ್ಲಿ ಅವರು ಕಿರಿಯರ ಸಮಕ್ಕೆ ಇರಲಿಲ್ಲ ಎಂಬುದನ್ನು ಅಂಕಿಗಳೇ ಹೇಳುತ್ತವೆ. 27ರ ಕ್ಯಾವೆಂಡಿಷ್ ಜೊತೆ ಹೋಲಿಸಿದರೆ ಅಂತರ ಇನ್ನೂ ದೊಡ್ಡದು: ಆಗ ಐದು ಟೂರ್‌ಗಳಲ್ಲಿ 23, ಈಗ ಮೂವತ್ತೆರಡರ ನಂತರದ ಎಲ್ಲ ಟೂರ್‌ಗಳಲ್ಲಿ ಸೇರಿ 5.

ಇಷ್ಟನ್ನು ಒಪ್ಪಿಕೊಂಡ ಮೇಲೂ ನನ್ನ ನಿರ್ಣಯ ಅವರ ಪರವಾಗಿಯೇ ಇದೆ, ಒಂದು ಷರತ್ತಿನೊಂದಿಗೆ. ವಯಸ್ಸು ಅವರ ಕೊನೆಯ 200 ಮೀಟರನ್ನು ಕಸಿದುಕೊಳ್ಳಲಿಲ್ಲ. ಆ 200 ಮೀಟರಿಗೆ ಬಂದು ಮುಟ್ಟುವ ದಾರಿಯ ಬೆಲೆಯನ್ನು ಏರಿಸಿತು. 24ರ ವಯಸ್ಸಿನಲ್ಲಿ ಬೆಟ್ಟದ ಹಂತ ಅವರಿಗೆ ಒಂದು ಕಷ್ಟದ ದಿನವಾಗಿತ್ತು, 39ರಲ್ಲಿ ಅದು ಸ್ಪರ್ಧೆಯೇ ಮುಗಿಯಬಹುದಾದ ದಿನವಾಯಿತು. ಆಗ ಬಿದ್ದ ಪೆಟ್ಟು ಒಂದು ತಿಂಗಳಲ್ಲಿ ಮಾಗುತ್ತಿತ್ತು, ಈಗ ಒಂದು ಪೆಟ್ಟಿಗೆ ಒಂದು ವರ್ಷ ಹೋಯಿತು. ಆಗ ತಂಡವನ್ನು ಅವರು ಗೆಲ್ಲಿಸುತ್ತಿದ್ದರು, ಈಗ ಒಂದು ಹಂತಕ್ಕಾಗಿ ಏಳು ಮಂದಿ ತಮ್ಮ ಟೂರ್ ಅನ್ನೇ ಕೊಟ್ಟರು. ಹಾಗೆ ಕೊಡುವವರಿದ್ದರೆ, ಅವರ ಮೇಲೆ ಅಷ್ಟು ನಂಬಿಕೆಯಿಡುವ ಒಬ್ಬ ಮುಖ್ಯಸ್ಥನಿದ್ದರೆ, ವಯಸ್ಸಾದ ಸ್ಪ್ರಿಂಟರ್ ಒಂದು ದಿನದ ಮಟ್ಟಿಗೆ ಜಗತ್ತಿನ ಅತಿ ವೇಗದವರನ್ನು ಸೋಲಿಸಬಲ್ಲ. ಇಲ್ಲದಿದ್ದರೆ ಅದೇ ಕಾಲುಗಳು, ಅದೇ ಕಣ್ಣುಗಳು 2020ರ ಹಾಗೆ ಮನೆಯಲ್ಲೇ ಉಳಿಯುತ್ತಿದ್ದವು. ಎಡ್ಡಿ ಮೆರ್ಕ್ಸ್ 32ರಲ್ಲಿಯೇ ಸ್ಪರ್ಧೆ ಬಿಟ್ಟರು. ಐದು ಟೂರ್ ಗೆದ್ದ ಮೆರ್ಕ್ಸ್ ಅವರ 34 ಹಂತಗಳಲ್ಲಿ ಬೆಟ್ಟವೂ ಇತ್ತು, ಟೈಮ್ ಟ್ರಯಲ್ಲೂ ಇತ್ತು. ಅವರೊಂದಿಗೆ ಕ್ಯಾವೆಂಡಿಷ್ ಅವರನ್ನು ಶ್ರೇಷ್ಠತೆಯಲ್ಲಿ ಹೋಲಿಸಲು ನಾನು ಒಪ್ಪುವುದಿಲ್ಲ. ಆದರೆ ಗೆದ್ದ ವರ್ಷಗಳ ಹರವಿನಲ್ಲಿ, ಮೊದಲ ಹಂತದಿಂದ ಕೊನೆಯ ಹಂತಕ್ಕೆ ಹದಿನಾರು ವರ್ಷ, ಕ್ಯಾವೆಂಡಿಷ್ ಅವರೇ ಮುಂದೆ.

ಆ ವರ್ಷ ಪ್ಯಾರಿಸ್ ಒಲಿಂಪಿಕ್ಸ್ ಕಾರಣದಿಂದ ಟೂರ್ ಪ್ಯಾರಿಸ್ಸಿನಲ್ಲಿ ಮುಗಿಯಲಿಲ್ಲ. ಅವರು ಸತತ ನಾಲ್ಕು ಬಾರಿ ಗೆದ್ದಿದ್ದ ಶಾಂಜೆಲಿಜೆ ಬೀದಿ ಅವರ ಕೊನೆಯ ಟೂರ್‌ನ ದಾರಿಯಲ್ಲಿಯೇ ಇರಲಿಲ್ಲ. ಬದಲಿಗೆ ಕೊನೆಯ ಮೂರು ದಿನಗಳಲ್ಲಿ ಆಲ್ಪ್ಸ್‌ನ ಎರಡು ಬೆಟ್ಟದ ಹಂತಗಳೂ ಒಂದು ಟೈಮ್ ಟ್ರಯಲ್ಲೂ ಇದ್ದವು. ಸ್ಪ್ರಿಂಟರ್‌ಗೆ ಗೆಲ್ಲಲು ಏನೂ ಇಲ್ಲದ ದಾರಿ. ದಾಖಲೆ ಕೈಸೇರಿದ್ದವರು ಐದನೆಯ ಹಂತದ ಮರುದಿನವೇ ಮನೆಗೆ ಹೋಗಬಹುದಿತ್ತು, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಎರಡು ಬೆಟ್ಟದ ಹಂತಗಳನ್ನೂ ತಂಡದವರ ಜೊತೆ, ಹಿಂದಿನ ಸಾಲಿನಲ್ಲಿ, ಮಿತಿಯೊಳಗೆ ಮುಗಿಸಿದರು. ಜುಲೈ 21ರಂದು ಮೊನಾಕೊದಿಂದ ಒಂಟಿಯಾಗಿ ಹೊರಟು, ನೀಸ್ ನಗರದ ಗುರಿರೇಖೆಯನ್ನು ದಾಟಿದರು.